‘ನಿತ್ಯ ಈಶ್ವರನ ಅನುಮಾನ’: ಫ್ಲೆಕ್ಸಿಗೆ ಏನು ಬರೆಯಲಿ?

ಕಲಬುರಗಿಯಿಂದ:

ಎಲ್ಲರಿಗೂ ಶರಣು. ನಾಳೆ ಹನ್ನೊಂದರೊಳಗೆ ಒಂದು ಶೀರ್ಷಿಕೆ ಬೇಕಾಗಿದೆ. ರವಿವಾರ ನಮ್ಮ ಓಣಿಯಲ್ಲಿ ಒಂದು ಉಪನ್ಯಾಸ ಇಟ್ಟುಕೊಂಡಿದ್ದೇವೆ. ಆದಿ ಅಂತ್ಯವಿಲ್ಲದ ದೇವರಿದ್ದಾನೆಂದು 10ನೆಯ ಶತಮಾನದ ನ್ಯಾಯಶಾಸ್ತ್ರದ ಪಂಡಿತ ಉದಯನ, 1111ರಲ್ಲಿ ತೀರಿಕೊಂಡ ಇಸ್ಲಾಮಿನ ಚಿಂತಕ ಅಲ್ ಗಜಾಲಿ, 1274ರಲ್ಲಿ ತೀರಿಕೊಂಡ ಕ್ರೈಸ್ತ ಚಿಂತಕ ಅಕ್ವಿನಾಸ್ ತರ್ಕದಿಂದ ಹೇಗೆ ಸಾಧಿಸಿದರು ಎಂಬುದು ವಿಷಯ. ನ್ಯಾಯಶಾಸ್ತ್ರದ, ಎಂದರೆ ನಮ್ಮ ಹಳೆಯ ತರ್ಕಶಾಸ್ತ್ರದ ಮಾತನ್ನೇ ಹಿಡಿದು ‘ನಿತ್ಯ ಈಶ್ವರನ ಅನುಮಾನ’ ಎಂದು ಬರೆದುಕೊಟ್ಟೆ. ಅಲ್ಲಿ ನಿತ್ಯ ಅಂದರೆ ಆದಿ ಅಂತ್ಯವಿಲ್ಲದ್ದು, ಅನುಮಾನ ಅಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು. ಸೂಪರ್ ಮಾರ್ಕೆಟ್ ಕಡೆಯ ಫ್ಲೆಕ್ಸ್ ಅಂಗಡಿಯ ಹುಡುಗ ಟೈಪ್ ಮಾಡುತ್ತಿದ್ದವನು ಕೈ ನಿಲ್ಲಿಸಿ, “ಸರ್, ದಿನಾ ದೇವರ ಮ್ಯಾಲ ಡೌಟ್ ಪಡೋದು ಅಂತೇನ್ರಿ ಇದು?” ಎಂದು ಕೇಳಿದ. ಅವನದೇನೂ ತಪ್ಪಿಲ್ಲ. ಮನೆಯಲ್ಲಿ ನಾನೂ ನಿತ್ಯ ಅಂದರೆ ದಿನಾ ಎಂದೇ, ಅನುಮಾನ ಅಂದರೆ ಸಂಶಯ ಎಂದೇ ಆಡುವವನು. ‘ಯುಕ್ತಿ’ ಹಾಕಿದರೆ ಉಪಾಯ ಆಗುತ್ತದೆ. ‘ಶಾಶ್ವತ’ ಅಂದರೆ ಅರ್ಜಿ ಫಾರ್ಮಿನ ಶಾಶ್ವತ ವಿಳಾಸ ನೆನಪಾಗುತ್ತದೆ. ತಿಳಿದವರು ಬೇಗ ಹೇಳಿ.

ಬೀದರಿನಿಂದ:

‘ನಿತ್ಯ’ ಬಿಡಿ. ಶಾಸ್ತ್ರದಲ್ಲೂ ಅದು ಸಾಲದು. ನ್ಯಾಯಶಾಸ್ತ್ರದವರಿಗೆ ಪರಮಾಣು ನಿತ್ಯ, ಆತ್ಮ ನಿತ್ಯ, ಆಕಾಶವೂ ನಿತ್ಯ.

ಉರ್ದುವಿನಲ್ಲಿ ಮೊದಲಿಲ್ಲದ್ದು ಅಜಲಿ, ಕೊನೆಯಿಲ್ಲದ್ದು ಅಬದಿ. ಎರಡು ಬೇರೆ ಮಾತು. ಗಜಾಲಿ ನಿಂತಿರುವುದು ಮೊದಲನೆಯದರ ಮೇಲೆ. ಶುರುವಾದದ್ದಕ್ಕೆಲ್ಲ ಕಾರಣ ಬೇಕು, ಜಗತ್ತು ಶುರುವಾದದ್ದು, ಹಾಗಾದರೆ ಅದಕ್ಕೂ ಕಾರಣವಿರಬೇಕು. ಆ ಕಾರಣವೂ ಶುರುವಾದದ್ದಾದರೆ ಅದರ ಹಿಂದೆ ಮತ್ತೊಂದು. ಹಿಂದೆ ಹಿಂದೆ ಹೋಗಿ ಶುರುವೇ ಇಲ್ಲದವನ ಹತ್ತಿರ ನಿಲ್ಲಲೇಬೇಕು. ಅವನಿಗೆ ಅರಬ್ಬಿಯಲ್ಲಿ ‘ಕದೀಮ್’ ಎನ್ನುತ್ತಾರೆ. ಎಂದಿನಿಂದಲೂ ಇರುವವನು, ಹಳಬರಿಗೆಲ್ಲ ಹಳಬ. ಪೇಪರಿನಲ್ಲಿ ‘ಬೈಕ್ ಕದ್ದ ಖದೀಮರ ಬಂಧನ’ ಎಂದು ಓದುತ್ತೀರಲ್ಲ, ಆ ಪದವೂ ಇಲ್ಲಿಂದಲೇ ಇಳಿದು ಬಂದದ್ದೆಂದು ನಾನು ನಂಬಿದ್ದೇನೆ. ಹಳಬ, ಪಳಗಿದವ, ಕಿಲಾಡಿ, ಕಳ್ಳ: ಒಂದೊಂದೇ ಮೆಟ್ಟಿಲು ಎಣಿಸಬಹುದು. ಇದನ್ನು ನಾನು ಮೊದಲೂ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಫ್ಲೆಕ್ಸಿಗೆ ‘ಅನಾದಿ’ ಹಾಕಿ.

ಯಾದಗಿರಿಯಿಂದ:

ಸಾಲ ತಂದ ಮಾತಿಗೆ ಇದೇ ಗತಿ. ಸಂಸ್ಕೃತದ್ದು ಸಂಶಯವಾಯಿತು, ಅರಬ್ಬಿಯದು ಕಳ್ಳನಾಯಿತು. ‘ಮೊದಲಿಲ್ಲದವನು’ ಎಂದು ಬರೆಯಿರಿ, ಹೊಲಕ್ಕೆ ಹೊರಟವರೂ ನಿಂತು ಓದುತ್ತಾರೆ. ಉದಯನ ಹೇಳಿದ್ದಾದರೂ ಏನು? ಗಡಿಗೆ ಇದೆ, ಅದನ್ನು ಮಾಡಿದವನಿದ್ದಾನೆ. ಈ ನೆಲವೂ ಗಡಿಗೆಯ ಹಾಗೆ ಆದದ್ದು, ಇದನ್ನೂ ಮಾಡಿದವನಿರಬೇಕು. ಈ ವಾದ ಹೇಳಲು ಒಂದಾದರೂ ಸಂಸ್ಕೃತ ಪದ ಬೇಕಾಯಿತೆ?

ಕಲಬುರಗಿಯ ಇನ್ನೊಬ್ಬರು:

ಬೇಕಾಯಿತು. ‘ವಾದ’ ಎಂದಿರಿ.

‘ಮೊದಲಿಲ್ಲದವನು’ ನಡೆಯುವುದಿಲ್ಲ. ಗಂಜ್ ಮಾರುಕಟ್ಟೆಗೆ ಹೋಗಿ ಕೇಳಿ: ಮೊದಲು ಎಂದರೆ ಹಾಕಿದ ಬಂಡವಾಳ. ‘ಅನಾದಿ’ಯೂ ಅಕ್ವಿನಾಸನಿಗೆ ಸಾಲುವುದಿಲ್ಲ. ಜಗತ್ತಿಗೆ ಆರಂಭವಿತ್ತೆಂದು ತರ್ಕದಿಂದ ಸಾಧಿಸಲಾಗದು, ಅದು ನಂಬಿಕೆಯಿಂದಷ್ಟೇ ತಿಳಿಯುವುದು ಎಂದವನು ಅವನು. ಜಗತ್ತು ಎಂದಿನಿಂದಲೂ ಇದ್ದಿದ್ದರೂ ಅದು ತನ್ನಷ್ಟಕ್ಕೆ ತಾನೇ ನಿಲ್ಲಲಾರದು, ಆಸರೆ ಬೇಕೇ ಬೇಕು ಎಂಬುದು ಅವನ ಹಿಡಿತ. ಅವನ ದೇವರು ಬಹಳ ಕಾಲ ಇರುವವನಲ್ಲ, ಕಾಲವೇ ತಾಗದವನು.

ಉದಯನನೇ ಪದ ಕೊಟ್ಟುಹೋಗಿದ್ದಾನೆ, ತನ್ನ ಗ್ರಂಥ ನ್ಯಾಯಕುಸುಮಾಂಜಲಿಯಲ್ಲಿ: ‘ವಿಶ್ವವಿದವ್ಯಯಃ’, ಎಲ್ಲ ಬಲ್ಲವನು, ಅಳಿವಿಲ್ಲದವನು. ‘ಅವ್ಯಯ’ ಎಂದು ಬರೆಯಿರಿ. ಹೈಸ್ಕೂಲ್ ವ್ಯಾಕರಣದ ಅವ್ಯಯ ನೆನಪಾದರೆ ಆಗಲಿ. ಅನುಮಾನವೂ ಇರಲಿ, ಜನ ಕಲಿಯಲಿ. ಇನ್ನೊಂದು: ಮಧ್ವಾಚಾರ್ಯರು ‘ಸದಾಗಮೈಕವಿಜ್ಞೇಯ’ ಎಂದರು, ಆಗಮದಿಂದ, ಎಂದರೆ ವೇದಶಾಸ್ತ್ರದಿಂದ ಅಲ್ಲದೆ ತಿಳಿಯದವನು. ರಾಮಾನುಜರೂ ಈ ಅನುಮಾನವನ್ನು ಒಪ್ಪಲಿಲ್ಲ. ತರ್ಕದಿಂದ ಸಾಧಿಸಿಯೇ ಬಿಟ್ಟರು ಎಂಬ ಧಾಟಿ ಫ್ಲೆಕ್ಸಿನಲ್ಲಿ ಬೇಡ.

ಯಾದಗಿರಿಯಿಂದ:

ಜನ ಕಲಿಯಲಿ ಎನ್ನುವವರು ಜನರ ಮಾತನ್ನು ಮೊದಲು ಕಲಿಯಲಿ. ಅನುಮಾನ ಎಂದರೆ ಸಂಶಯ ಎಂದು ನಾಡೆಲ್ಲ ಆಡುತ್ತಿದೆ. ಅದನ್ನು ತಪ್ಪೆನ್ನಲು ನೀವಾರು? ಬಂಡವಾಳದ ಮಾತು ಬರೀ ಕೊಂಕು. ಹೊರಗಿನ ಪದ ತರುವುದನ್ನು ಎಲ್ಲಾದರೂ ನಿಲ್ಲಿಸಲೇಬೇಕು.

ಬೀದರಿನಿಂದ:

ಎಲ್ಲಿ ನಿಲ್ಲಿಸುತ್ತೀರಿ? ಅರ್ಜಿ, ವಕೀಲ, ಜಮೀನು ತೆಗೆದರೆ ನಿಮ್ಮೂರ ಕೋರ್ಟು ಒಂದು ದಿನ ನಡೆಯಲಿಕ್ಕಿಲ್ಲ. 1472ರಲ್ಲಿ ಗವಾನ್ ಮದರಸಾ ಎದ್ದ ಊರಿನವನು ನಾನು. ಅರಬ್ಬಿ ಪದ ನನಗೆ ಹೊರಗಿನದಲ್ಲ.

ಯಾದಗಿರಿಯಿಂದ:

ನನಗೆ ಹೊರಗಿನದೇ.

ಕಲಬುರಗಿಯಿಂದ, ಮೊದಲು ಕೇಳಿದವನು:

ಹತ್ತೂವರೆಗೆ ಕೊಟ್ಟು ಬಂದೆ: ‘ಆದಿ ಅಂತ್ಯವಿಲ್ಲದ ದೇವರು: ಇದ್ದಾನೆಂದು ತರ್ಕ ತೋರಿಸಬಲ್ಲುದೆ?’ ಧಾಟಿಯ ಬಗ್ಗೆ ಹೇಳಿದ್ದು ಸರಿಯೆನಿಸಿ ಪ್ರಶ್ನೆಯಾಗಿಸಿದೆ. ಹುಡುಗ ಓದಿ, “ಇದು ತಿಳೀತದ ನೋಡ್ರಿ” ಅಂದ. ಹಂಚುವ ಹಾಳೆಯಲ್ಲಿ ಗಜಾಲಿಗೆ ‘ಅನಾದಿ’, ಅಕ್ವಿನಾಸನಿಗೆ ‘ಕಾಲಾತೀತ’, ಉದಯನನಿಗೆ ಅವನದೇ ‘ಅವ್ಯಯ’ ಬಳಸುತ್ತೇನೆ. ಅನುಮಾನ ಬಂದ ಕಡೆಯೆಲ್ಲ ‘ಹೊಗೆ ನೋಡಿ ಬೆಂಕಿ ತಿಳಿಯುವ ಹಾಗೆ’ ಎಂದು ಒಂದು ಸಾಲು ಸೇರಿಸುತ್ತೇನೆ. ‘ಇದ್ದಾನೆ’ ಬದಲು ‘ಇದೆ’ ಎನ್ನಬೇಕಿತ್ತೆ ಎಂಬುದೊಂದೇ ಇನ್ನೂ ಬಗೆಹರಿದಿಲ್ಲ. ಹಾಳೆ ಅಚ್ಚಿಗೆ ಹೋಗುವುದು ಶನಿವಾರ.