ಮಕ್ಕಳಿಗೂ ಹೆಲ್ಮೆಟ್ ಕಡ್ಡಾಯವಾ? ಯಾವುದು ತಗೊಳ್ಳಬೇಕು?

ಮೈಸೂರು ಅಮ್ಮ:
ನಮಸ್ಕಾರ. ನಾವು ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಮಗಳಿಗೆ ಏಳು ವರ್ಷ, ಎರಡನೇ ಕ್ಲಾಸು. ಮಗನಿಗೆ ಮೂರು ತುಂಬಿದೆ, ಈ ಜೂನ್‌ನಿಂದ ನರ್ಸರಿ. ಇಬ್ಬರನ್ನೂ ಸ್ಕೂಟರಿನಲ್ಲಿ ನಾನೇ ಬಿಡಬೇಕು. ಸ್ಕೂಲ್ ಗೇಟಿನ ಹತ್ತಿರ ನೋಡಿದರೆ ಅಪ್ಪ-ಅಮ್ಮಂದಿರು ಹೆಲ್ಮೆಟ್ ಹಾಕಿರುತ್ತಾರೆ, ಮಕ್ಕಳ ತಲೆ ಮಾತ್ರ ಖಾಲಿ. ನಮ್ಮ ಮಾವನವರು "ಮಕ್ಕಳಿಗೆಲ್ಲ ಪೊಲೀಸರು ಕೇಳಲ್ಲ, ಸುಮ್ನೆ ಕುತ್ತಿಗೆ ನೋವು ತರಿಸಬೇಡ" ಅಂತಾರೆ. ನಿಜವಾದ ಕಾನೂನು ಏನು? ಇನ್ನೊಂದು, ಮಗಳಿಗೆ ಸ್ಕೂಲಿನಲ್ಲಿ ಎರಡು ಜಡೆ ಮಡಚಿ ರಿಬ್ಬನ್ ಕಟ್ಟಲೇಬೇಕು. ಅದರ ಮೇಲೆ ಹೆಲ್ಮೆಟ್ ಹೇಗೆ ಹಾಕುವುದು?

ದಾವಣಗೆರೆ ಹೆಲ್ಮೆಟ್ ಅಂಗಡಿ:
ಮೇಡಂ, ದಾವಣಗೆರೆಯಲ್ಲಿ ನಮ್ಮದು ಹೆಲ್ಮೆಟ್, ಸೀಟ್ ಕವರ್ ಅಂಗಡಿ. ಅಪ್ಪನ ಕಾಲದಿಂದ ಇದೇ ವ್ಯಾಪಾರ. ಸ್ವಲ್ಪ ಉದ್ದ ಆಗುತ್ತದೆ, ಪೂರ್ತಿ ಓದಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯ್ತಲ್ಲ, ಅದರ 129ನೇ ಸೆಕ್ಷನ್ ಪ್ರಕಾರ ನಾಲ್ಕು ವರ್ಷ ದಾಟಿದವರಿಗೆಲ್ಲ ಹೆಲ್ಮೆಟ್ ಕಡ್ಡಾಯ. ಪೇಟ ಕಟ್ಟಿದ ಸಿಖ್ಖರಿಗೆ ಮಾತ್ರ ವಿನಾಯಿತಿ. ಕಾಯ್ದೆಯಲ್ಲಿ ದಂಡ 1,000 ರೂಪಾಯಿ. ನಮ್ಮ ರಾಜ್ಯದಲ್ಲಿ ಅದೇ ವರ್ಷ ಸೆಪ್ಟೆಂಬರಿನಲ್ಲಿ 500ಕ್ಕೆ ಇಳಿಸಿದರು. ಅಂದರೆ ನಿಮ್ಮ ಮಗಳಿಗೆ ಬೇಕೇ ಬೇಕು.

ಮಗನದು ಬೇರೆ ಲೆಕ್ಕ. ನಾಲ್ಕು ವರ್ಷದೊಳಗಿನವರಿಗೆ ಅಂತಲೇ ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲಿ ನಿಯಮ ತಂದಿತು, ಒಂದು ವರ್ಷ ಬಿಟ್ಟು ಜಾರಿಯಾಯ್ತು. ಒಂಬತ್ತು ತಿಂಗಳು ದಾಟಿದ ಮಗುವಿಗೆ ತಲೆಗೆ ಸರಿಯಾಗಿ ಕೂರುವ ಹೆಲ್ಮೆಟ್ ಬೇಕು. ಸೈಕಲ್ ಹೆಲ್ಮೆಟ್ ಆದರೂ ಆಗುತ್ತದೆ, ಅದರ ಮೇಲೆ ಯುರೋಪಿನ ಗುಣಮಟ್ಟದ ಗುರುತು, ಇಎನ್ 1078 ಅಥವಾ ಇಎನ್ 1080 ಅಂತ ಇರಲಿ. ಜೊತೆಗೆ ಮಗುವನ್ನು ನಿಮಗೆ ಕಟ್ಟಿಕೊಳ್ಳುವ ಹಾರ್ನೆಸ್ ಬೆಲ್ಟ್ ಬೇಕು. ಗಾಡಿ 40 ಕಿಲೋಮೀಟರ್ ವೇಗ ದಾಟಬಾರದು.

ಈಗ ಅಂಗಡಿ ಮಾತು. ಸ್ಕೂಲ್ ಶುರುವಾಗುವ ಹೊತ್ತಿಗೆ ಅಪ್ಪ-ಅಮ್ಮಂದಿರು ಬರುತ್ತಾರೆ, ಮಗುವನ್ನು ಕರೆತಂದಿರುವುದಿಲ್ಲ. "ಬೆಳೆಯೋ ಮಗು, ಒಂದು ಸೈಜ್ ದೊಡ್ಡದೇ ಕೊಡಿ" ಅಂತಾರೆ. ಯೂನಿಫಾರಂ ಹಾಗೆ ತಗೊಳ್ಳಿ, ಹೆಲ್ಮೆಟ್ ಬೇಡ. ದೊಡ್ಡದಾದರೆ ಬೀಳುವಾಗ ಹಿಂದಕ್ಕೆ ಜಾರಿ ಹಣೆ ಬಯಲಾಗುತ್ತದೆ. ನಾನಂತೂ ಕೊಡುವುದಿಲ್ಲ. ಮಗುವನ್ನು ಕರೆದುಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತೇನೆ. ವ್ಯಾಪಾರ ಪಕ್ಕದ ಅಂಗಡಿಗೆ ಹೋದರೂ ಪರವಾಗಿಲ್ಲ.

ಟೈಲರ್ ಟೇಪ್ ತಗೊಂಡು ಹುಬ್ಬಿನ ಸ್ವಲ್ಪ ಮೇಲೆ, ಕಿವಿಯ ಮೇಲಿಂದ, ಹಿಂದೆ ತಲೆ ಉಬ್ಬಿರುವ ಕಡೆ ಸುತ್ತಿ ಅಳೆಯಿರಿ. ಹೆಲ್ಮೆಟ್ ಒಳಗಿನ ಚೀಟಿಯಲ್ಲಿ ಸೆಂಟಿಮೀಟರ್ ಅಳತೆ ಬರೆದಿರುತ್ತದೆ. ಹಾಕಿದ ಮೇಲೆ ಪಟ್ಟಿ ಕಟ್ಟದೆ "ಇಲ್ಲ ಇಲ್ಲ" ಅಂತ ತಲೆ ಆಡಿಸಲು ಹೇಳಿ. ತಲೆ ಜೊತೆ ಹೆಲ್ಮೆಟ್ಟೂ ತಿರುಗಬೇಕು. ಒಳಗೆ ತಲೆ ಮಾತ್ರ ತಿರುಗಿದರೆ ಅದು ದೊಡ್ಡದು. ಆಮೇಲೆ ಪಟ್ಟಿ ಬಿಗಿದು, ಹಿಂದಿನಿಂದ ಮೇಲಕ್ಕೆ ತಳ್ಳಿ ನೋಡಿ. ಮುಂದಕ್ಕೆ ಕಳಚಿ ಬರಬಾರದು.

ಮಗಳದ್ದಕ್ಕೆ ಐಎಸ್‌ಐ ಗುರುತು, ಐಎಸ್ 4151 ಅಂತ ಇರಲೇಬೇಕು. 2021ರ ಜೂನ್‌ನಿಂದ ಅದಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಒಳಗೆ ಕೈ ಹಾಕಿ ಬಟ್ಟೆಯನ್ನು ಒತ್ತಿ ನೋಡಿ, ಗಟ್ಟಿ ಥರ್ಮೋಕೋಲ್ ಪದರ ಸಿಗಬೇಕು. ಏಟು ತಡೆಯುವುದು ಅದೇ. ಬರೀ ಸ್ಪಂಜು ಸಿಕ್ಕಿದರೆ ವಾಪಸ್ ಇಡಿ, ಮೇಲೆ ಎಷ್ಟೇ ಚೆಂದದ ಕಾರ್ಟೂನ್ ಇರಲಿ.

ನಿಮ್ಮ ಮಾವನವರ ಮಾತಿನಲ್ಲೂ ಅರ್ಧ ನಿಜ ಇದೆ. ದೊಡ್ಡವರ ಹೆಲ್ಮೆಟ್ಟನ್ನೇ ಮಗುವಿಗೆ ಹಾಕಿದರೆ ಕುತ್ತಿಗೆಗೆ ಭಾರ ಜಾಸ್ತಿ. ಅದಕ್ಕೇ ಮಕ್ಕಳ ಸೈಜು ಬೇರೆ ಇರುವುದು.

ಹುಬ್ಬಳ್ಳಿ ಹುಡುಗ:
ನಾವೆಲ್ಲ ಅಪ್ಪನ ಚೇತಕ್‌ನಲ್ಲಿ ಮುಂದೆ ನಿಂತುಕೊಂಡೇ ದೊಡ್ಡವರಾಗಿದ್ದು. ಏನಾಯ್ತು? ಮೊದಲು ರಸ್ತೆ ಗುಂಡಿ ಮುಚ್ಚಲಿ, ಆಮೇಲೆ ದಂಡ ಕೇಳಲಿ.

ದಾವಣಗೆರೆ ಹೆಲ್ಮೆಟ್ ಅಂಗಡಿ:
ಗುಂಡಿ ಮುಚ್ಚಬೇಕು, ಒಪ್ಪುತ್ತೇನೆ ಸರ್. ಗುಂಡಿ ಇರುವುದಕ್ಕೇ ಮಗು ಮುಂದೆ ನಿಲ್ಲಬಾರದು. ಸ್ಟ್ಯಾಂಡ್ ಹಾಕಿದ ಗಾಡಿಯಲ್ಲಿ ಮೂರು ವರ್ಷದ ಮಗುವನ್ನು ಒಮ್ಮೆ ನಿಲ್ಲಿಸಿ ನೋಡಿ. ಬಾಯಿ, ಹಣೆ ಎರಡೂ ಹ್ಯಾಂಡಲ್, ಮೀಟರ್ ಇರುವ ಜಾಗಕ್ಕೇ ಬರುತ್ತವೆ. ಬ್ರೇಕ್ ಹಾಕಿದರೆ ಮೊದಲು ಬಡಿಯುವುದು ಅಲ್ಲೇ.

ಚೇತಕ್ ಮಾತು ಬಂತಲ್ಲ. ಆ ಹಳೇ ಗಾಡಿಗೆ ಕ್ಲಚ್ ಹಿಡಿದು ಕೈಯಲ್ಲಿ ಗೇರ್ ಹಾಕಬೇಕಿತ್ತು. ಈಗಿನವಕ್ಕೆ ಗೇರ್ ಇಲ್ಲ, ತಿರುವಿದರೆ ಸಾಕು, ಓಡುತ್ತವೆ. ನಮ್ಮ ಅಂಗಡಿ ಮುಂದೆಯೇ ಒಬ್ಬರು ಎಂಜಿನ್ ಆಫ್ ಮಾಡದೆ ಇಳಿದರು. ಮುಂದೆ ನಿಂತಿದ್ದ ಮಗು ಆಕ್ಸಿಲರೇಟರ್ ತಿರುವಿತು, ಗಾಡಿ ಫುಟ್‌ಪಾತ್ ಹತ್ತಿತು. ಮಗುವಿಗೆ ತುಟಿ ಒಡೆಯಿತು. ಅದನ್ನು ಕಣ್ಣಾರೆ ನೋಡಿದ ಮೇಲೆ "ಏನಾಯ್ತು" ಅನ್ನಲು ನನಗೆ ಬಾಯಿ ಬರುವುದಿಲ್ಲ.

ಶಿವಮೊಗ್ಗ ಟೀಚರ್:
ಜಡೆ ವಿಷಯ ನಾನು ಹೇಳುತ್ತೇನೆ. ಜಡೆಯನ್ನು ಕಿವಿಯ ಮೇಲಿಂದ ಶುರು ಮಾಡಬೇಡಿ, ಕುತ್ತಿಗೆಯ ಹತ್ತಿರ, ಕಿವಿಯ ಕೆಳಗಿಂದ ಹೆಣೆಯಿರಿ. ಹೆಲ್ಮೆಟ್ ಆರಾಮಾಗಿ ಕೂರುತ್ತದೆ. ದಪ್ಪ ಕ್ಲಿಪ್ ಬೇಡ, ಒತ್ತುತ್ತದೆ. ರಿಬ್ಬನ್ ನಾನು ಗೇಟಿನ ಹತ್ತಿರವೇ ಕಟ್ಟುತ್ತೇನೆ.

ಹಾರ್ನೆಸ್ ಅಂದರೆ ಮಗುವಿಗೆ ಒಂದು ತೋಳಿಲ್ಲದ ಜಾಕೆಟ್. ಅದರ ಪಟ್ಟಿಗಳನ್ನು ನಾವು ಹೆಗಲಿಗೆ ಹಾಕಿಕೊಳ್ಳಬೇಕು. ಮಗು ನಮ್ಮ ಹಿಂದೆ ಸೀಟಿನ ಮೇಲೇ ಕೂತಿರುತ್ತದೆ, ನಿದ್ದೆ ಬಂದರೂ ಪಕ್ಕಕ್ಕೆ ವಾಲುವುದಿಲ್ಲ. 30 ಕೆಜಿ ತಡೆಯುವಂತಿರಬೇಕು ಅಂತ ನಿಯಮದಲ್ಲೇ ಇದೆ. ಇಳಿಯುವ ಮೊದಲು ಪಟ್ಟಿ ಬಿಚ್ಚುವುದನ್ನು ಮರೆಯಬೇಡಿ.

ಮೈಸೂರು ಅಮ್ಮ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಬ್ಬರಿಗೂ ಹೆಲ್ಮೆಟ್ ಹಾಕಿದರೆ ಒಟ್ಟಿಗೆ ಕರೆದುಕೊಂಡು ಹೋಗಬಹುದು ಅಲ್ವಾ?

ದಾವಣಗೆರೆ ಹೆಲ್ಮೆಟ್ ಅಂಗಡಿ:
ಇಲ್ಲ ಮೇಡಂ. 128ನೇ ಸೆಕ್ಷನ್ ಪ್ರಕಾರ ಓಡಿಸುವವರ ಜೊತೆ ಒಬ್ಬರು ಮಾತ್ರ. ಮಗುವನ್ನೂ ಒಬ್ಬರು ಅಂತಲೇ ಎಣಿಸುತ್ತಾರೆ. 2023ರಲ್ಲಿ ಕೇರಳದಲ್ಲಿ ಟ್ರಾಫಿಕ್ ತಪ್ಪು ಹಿಡಿಯುವ ಎಐ ಕ್ಯಾಮೆರಾ ಬಂದಾಗ ಇದೇ ಗಲಾಟೆ ಆಯ್ತು. ಮಕ್ಕಳಿಗೆ ವಿನಾಯಿತಿ ಕೊಡಿ ಅಂತ ಕೇಂದ್ರವನ್ನು ಕೇಳಿದರು, ಕೇಂದ್ರ ಒಪ್ಪಲಿಲ್ಲ. ಎರಡು ಮಕ್ಕಳಿರುವ, ಕಾರಿಲ್ಲದ ಮನೆಗೆ ಇದು ಕಷ್ಟವೇ, ನನಗೂ ಗೊತ್ತು. ಆದರೆ ಇಬ್ಬರನ್ನು ಕೂರಿಸಿದರೆ ಒಬ್ಬರು ಮುಂದೆ ನಿಲ್ಲಲೇಬೇಕಾಗುತ್ತದೆ. ಮಗಳಿಗೆ ಸ್ಕೂಲ್ ವ್ಯಾನ್ ಸಿಗುತ್ತದಾ ನೋಡಿ. ಇಲ್ಲವೇ ಎರಡು ಸಲ ಹೋಗಿ.

ಮೈಸೂರು ಅಮ್ಮ:
ಮಗಳ ಸ್ಕೂಲ್ ಎಂಟೂವರೆಗೆ, ನರ್ಸರಿ ಒಂಬತ್ತೂವರೆಗೆ. ಮಗನನ್ನು ಮಾವನವರ ಹತ್ತಿರ ಬಿಟ್ಟು ಎರಡು ಸಲ ಹೋಗುತ್ತೇನೆ. ಶನಿವಾರ ಮಕ್ಕಳನ್ನು ಕರೆದುಕೊಂಡೇ ಅಂಗಡಿಗೆ ಹೋಗುವುದು ಅಂತ ಆಗಿದೆ. ಹಾರ್ನೆಸ್ ಮೈಸೂರಿನಲ್ಲಿ ಎಲ್ಲಿ ಸಿಗುತ್ತದೆ ಅಂತ ಗೊತ್ತಿರುವವರು ದಯವಿಟ್ಟು ಹೇಳಿ.