ಕರಿಬೇವಿಗೆ ಹುಳುವೇ ಬರ್ತಿಲ್ಲ, ಸೀಬೆ ಗಿಡದ ತುಂಬಾ ಬಿಳಿನೊಣ. ನಿಮ್ಮಲ್ಲೂ ಹೀಗೇನಾ?

ಹನುಮಂತನಗರದ ಹಿತ್ತಲು:

ನಮ್ಮದು ಬೆಂಗಳೂರಿನ ಹನುಮಂತನಗರದಲ್ಲಿ 30x40 ಅಡಿ ಸೈಟಿನ ಹಳೇ ಮನೆ. 1987ರಲ್ಲಿ ಸೊಸೆಯಾಗಿ ಬಂದಾಗಿನಿಂದ ಬೆಳಿಗ್ಗೆ ದೇವರಿಗೆ ಹೂ ಬಿಡಿಸೋ ಕೆಲಸ ನನ್ನದೇ. ಹಾಗಾಗಿ ಗಿಡದ ಮೇಲೆ ಏನು ಕೂತಿದೆ, ಏನು ಹರಿದಾಡ್ತಿದೆ ಅಂತ ದಿನಾ ಕಣ್ಣಿಗೆ ಬೀಳುತ್ತೆ. ಓದಿ ತಿಳಿದವಳಲ್ಲ, ಹೆಸರುಗಳು ತಪ್ಪಿದ್ರೆ ತಿದ್ದಿ.

ಈ ಸಲ ನಮ್ಮ ಕರಿಬೇವಿನ ಗಿಡ ಎಂದೂ ಇಲ್ಲದಷ್ಟು ಸೊಂಪಾಗಿದೆ. ಬಂದವರೆಲ್ಲ ಏನು ಗೊಬ್ಬರ ಹಾಕಿದ್ರಿ ಅಂತ ಕೇಳ್ತಾರೆ. ನನಗೆ ಅದೇ ಸರಿ ಕಾಣ್ತಿಲ್ಲ. ಮೊದಲು ಮಳೆಗಾಲ ಬಂತು ಅಂದ್ರೆ ಈ ಗಿಡದಲ್ಲಿ ಹುಳು ಇರಲೇಬೇಕಿತ್ತು. ಸಣ್ಣದಿದ್ದಾಗ ಥೇಟ್ ಕಾಗೆ ಹಿಕ್ಕೆ, ದೊಡ್ಡದಾದ ಮೇಲೆ ಎಲೆ ಹಸಿರು. ಕಡ್ಡೀಲಿ ಮುಟ್ಟಿದ್ರೆ ತಲೆ ಹಿಂದಿಂದ ಕೆಂಪಗೆ ಕವಲಾದ ಕೊಂಬು ಹೊರಗೆ ಹಾಕಿ ಗಬ್ಬು ವಾಸನೆ ಬಿಡೋದು. ನಮ್ಮ ಮಕ್ಕಳು ಹಾರ್ಲಿಕ್ಸ್ ಬಾಟಲೀಲಿ ಎಲೆ ಸಮೇತ ಇಟ್ಟು ಚಿಟ್ಟೆ ಆಗೋವರೆಗೂ ಕಾಯೋರು. ಈಗ ಮೊಮ್ಮಗನಿಗೆ ತೋರಿಸೋಣ ಅಂದ್ರೆ ಒಂದು ಮೊಟ್ಟೆಯೂ ಕಾಣ್ತಿಲ್ಲ.

ನಂದಿಬಟ್ಟಲ ಗಿಡದ್ದೂ ಅದೇ ಕಥೆ. ಅದರಲ್ಲಿ ಬೆರಳುದ್ದ ಹಸಿರು ಹುಳು ಬರೋದು, ಕುತ್ತಿಗೆ ಹತ್ರ ನೀಲಿಯ ಎರಡು ಕಣ್ಣು. ಗಿಡದ ಕೆಳಗೆ ಕರೀ ಹಿಕ್ಕೆ ಉದುರಿದೆ ಅಂದ್ರೆ ಮೇಲೆ ಹುಳು ಇದೆ ಅಂತ ಲೆಕ್ಕ. ಆದ್ರೂ ಹುಡುಕಿದ್ರೆ ಬೇಗ ಸಿಗ್ತಿರಲಿಲ್ಲ, ಎಲೆಗೆ ಅಷ್ಟು ಹೊಂದಿಕೊಂಡಿರೋದು. ಬಾಗಿಲ ಚೌಕಟ್ಟಿನಲ್ಲಿ ಮಣ್ಣಿನ ಗೂಡು ಕಟ್ಟೋ ಕಣಜ ಇತ್ತಲ್ಲ, ಅದೂ ಇಲ್ಲ. ಮನೇಲಿ ಬಸುರಿ ಇದ್ದಾಗ ಆ ಗೂಡು ಒಡೀಬಾರದು ಅಂತ ನಮ್ಮತ್ತೆ ಯಾರನ್ನೂ ಮುಟ್ಟೋಕೆ ಬಿಡ್ತಿರಲಿಲ್ಲ. ಸ್ವಿಚ್ ಬೋರ್ಡಿನ ತೂತನ್ನೂ ಬಿಡದ ಪ್ರಾಣಿ ಅದು.

ಇನ್ನು ಹೆಚ್ಚಾಗಿರೋದು ಕೇಳಿ. ಸೀಬೆ ಎಲೆ ತಿರುಗಿಸಿದ್ರೆ ಸುತ್ತು ಸುತ್ತಾಗಿ ಬಿಳೀ ಪುಡಿ. ಅಲುಗಿಸಿದ್ರೆ ಬಿಳಿನೊಣ ಮುಖಕ್ಕೇ ಹಾರುತ್ತೆ. ಕೆಳಗಿನ ಎಲೆ ಎಲ್ಲಾ ಅಂಟಂಟು, ಮೇಲೆ ಕಪ್ಪು ಮಸಿ. ಒಣಹಾಕಿದ ಬಟ್ಟೆ ಮೇಲೂ ಅದೇ ಅಂಟು. ದಾಸವಾಳದ ಮೊಗ್ಗಿನ ತೊಟ್ಟಿನಲ್ಲಿ ಹಿಟ್ಟುಹುಳ, ಅದರ ಸುತ್ತ ಇರುವೆ. ಆದ್ದರಿಂದ ಹುಳ ಕಡಿಮೆ ಆಗಿದೆ ಅಂತ ಹೇಳೋಕೂ ಬಾಯಿ ಬರಲ್ಲ. ತಲೆ ಎಣಿಸಿದ್ರೆ ಮೊದಲಿಗಿಂತ ಜಾಸ್ತಿಯೇ ಇರಬಹುದು. ಹೋಗಿರೋದು ತರಾವರಿ.

ಪೂಜೆ ಹೂವು, ಹಾಗಾಗಿ ನಾನು ಯಾವ ಔಷಧಿನೂ ಹೊಡೆಯಲ್ಲ. ಪಕ್ಕದ ಬಿಲ್ಡಿಂಗಿನ ಮಾಲಿ ಮಾತ್ರ ಹದಿನೈದು ದಿನಕ್ಕೊಮ್ಮೆ ಕಾಂಪೌಂಡ್ ಉದ್ದಕ್ಕೂ ಹೊಡೀತಾನೆ. ಏನಪ್ಪಾ ಅದು ಅಂದ್ರೆ "ಹುಳದ ಔಷಧಿ ಅಮ್ಮ" ಅಂತಾನೆ, ಹೆಸರು ಅವನಿಗೂ ಗೊತ್ತಿಲ್ಲ. ನಿಮ್ಮ ಕಡೆ ಹೇಗಿದೆ? ಬೇಡದ್ದೇ ಯಾಕೆ ಉಳ್ಕೊಳ್ಳುತ್ತೆ?

ತಾರಸಿ ತರಕಾರಿ, ತ್ಯಾಗರಾಜನಗರ:

ಅಮ್ಮಾ, ನಮ್ಮಲ್ಲೂ ಇದೇ ಗೋಳು. ಕುಂಬಳದ ಬಳ್ಳೀಲಿ ಹೆಣ್ಣು ಹೂ ಬಿಡುತ್ತೆ, ಪಿಂದೆ ಹಳದಿಯಾಗಿ ಉದುರುತ್ತೆ. ಪರಾಗ ಮುಟ್ಟಿಸೋಕೆ ಜೇನು ಬರಲ್ಲ, ಅದಕ್ಕೆ ಬೆಳಿಗ್ಗೆ ಏಳೂವರೆ ಒಳಗೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ನಾನೇ ಮುಟ್ಟಿಸ್ತೀನಿ. ಸೊಳ್ಳೆಗೆ ಅಂತ ಸಂಜೆ ಹೊಗೆ ಬಿಡೋ ಗಾಡಿ ಬಂದ ಮಾರನೇ ದಿನ ಅಂತೂ ಟೆರೇಸ್ ಮೇಲೆ ಒಂದು ನೊಣವೂ ಇರಲ್ಲ. ಅಂದಹಾಗೆ ಸೊಳ್ಳೆ ಮಾತ್ರ ಮೂರೇ ದಿನಕ್ಕೆ ವಾಪಸ್.

ಕೋಡು ಮತ್ತು ಕೊತ್ತಂಬರಿ, ಸರ್ಜಾಪುರ ರಸ್ತೆ:

ಮೇಡಂ, ಬೇಜಾರು ಮಾಡ್ಕೋಬೇಡಿ, ಮೂವತ್ತು ವರ್ಷದ ಹಿಂದಿನ ನೆನಪು ನಂಬೋದು ಕಷ್ಟ. ಚೆನ್ನಾಗಿದ್ದ ವರ್ಷ ನೆನಪಿರುತ್ತೆ, ಹುಳುವೇ ಬರದ ವರ್ಷ ಮರೆತುಹೋಗುತ್ತೆ. ನಮ್ಮ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿ ಬಾಲ್ಕನಿಗೇ ಬಡಗಿ ದುಂಬಿ (ಮರ ಕೊರೆದು ಗೂಡು ಮಾಡೋ ದೊಡ್ಡ ಜೇನು) ಬರುತ್ತೆ, ಪ್ಯಾಶನ್ ಫ್ರೂಟ್ ಚೆನ್ನಾಗಿ ಕಚ್ಚುತ್ತೆ. ಮುಂಗಾರಿಗೆ ಮುಂಚೆ ಒಂದು ವಾರ ಕಪ್ಪು–ನೀಲಿ ಚಿಟ್ಟೆಗಳು ಸಾಲಾಗಿ ಹೋಗ್ತಾನೇ ಇದ್ವು, ನೂರಾರು. ಕಡಿಮೆ ಆಗಿದೆ ಅಂತ ನನಗಂತೂ ಅನಿಸಿಲ್ಲ.

ಹಾಗಂತ ಜಗತ್ತಲ್ಲಿ ಏನೂ ಆಗಿಲ್ಲ ಅಂತಲ್ಲ. ಜರ್ಮನಿಯಲ್ಲಿ 1989ರಿಂದ 27 ವರ್ಷ ಒಂದೇ ರೀತಿಯ ಬಲೆ ಕಟ್ಟಿ, ಬಿದ್ದ ಹುಳಗಳನ್ನ ತೂಕ ಹಾಕಿ ನೋಡಿದ್ರು. ಹಾರೋ ಕೀಟಗಳ ಒಟ್ಟು ತೂಕ ಮುಕ್ಕಾಲು ಪಾಲು ಇಳಿದಿತ್ತು, ಅದೂ ಸಂರಕ್ಷಿತ ಜಾಗಗಳಲ್ಲಿ. 2017ರಲ್ಲಿ ಅದು ಪ್ರಕಟವಾದಾಗ ಎಲ್ಲಾ ಪೇಪರ್‌ನಲ್ಲೂ ಬಂತು. ಆದ್ರೆ ಅಲ್ಲಿ ತೂಕ ಇತ್ತು, ಇಲ್ಲಿ ನಮ್ಮ ಹತ್ರ ಬರೀ ಮಾತು. ವಾರಕ್ಕೊಂದು ಸಲ ಒಂದೇ ಹೊತ್ತಿಗೆ ಒಂದೇ ಗಿಡದ ಮುಂದೆ ಹತ್ತು ನಿಮಿಷ ಕೂತು, ಹೂವಿಗೆ ಬಂದದ್ದನ್ನ ಬರೆದಿಡಿ. ಹೆಸರು ಬೇಡ, "ಜೇನು, ಚಿಟ್ಟೆ, ನೊಣ, ಕಣಜ" ಅಂದ್ರೆ ಸಾಕು. ಮುಂದಿನ ವರ್ಷ ಮಾತಾಡೋಕೆ ಏನಾದ್ರೂ ಇರುತ್ತೆ.

ಹೆಬ್ಬಾಳದ ಕಡೆಯವನು:

ನಾನು ಜಿಕೆವಿಕೆಯಲ್ಲಿ, ಅಂದ್ರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಸಸ್ಯ ಸಂರಕ್ಷಣೆ ಕೆಲಸ ಮಾಡಿ ನಿವೃತ್ತನಾದವನು. ಅಮ್ಮನವರು ಕೊನೇಲಿ ಕೇಳಿದ್ದೇ ಸರಿಯಾದ ಪ್ರಶ್ನೆ, ಅದನ್ನ ಎತ್ತಿಕೊಳ್ತೀನಿ.

ಮೊದಲು ಸರ್ಜಾಪುರದವರಿಗೆ ಒಂದು ಮಾತು. ನೀವು ನೋಡಿದ ಸಾಲು ಚಿಟ್ಟೆಗಳು ನಿಮ್ಮ ತೋಟದವಲ್ಲ, ದಾರಿಹೋಕರು. ಬ್ಲೂ ಟೈಗರ್, ಕ್ರೋ ಜಾತಿಯವು ಮುಂಗಾರಿಗೆ ಮುಂಚೆ ಪಶ್ಚಿಮಘಟ್ಟದಿಂದ ಪೂರ್ವಕ್ಕೆ ಬರ್ತವೆ, ಅಕ್ಟೋಬರ್–ನವೆಂಬರ್ ಹೊತ್ತಿಗೆ ವಾಪಸ್ ಹೋಗ್ತವೆ. ಬೆಂಗಳೂರು ಆ ದಾರೀಲಿದೆ. ಅವು ನೂರಾರು ಹಾರಿದ್ರೂ ನಿಮ್ಮ ಬಾಲ್ಕನಿ ಬಗ್ಗೆ ಏನೂ ಹೇಳಲ್ಲ. ಕರಿಬೇವು, ನಿಂಬೆ ಮೇಲೆ ಮೊಟ್ಟೆ ಇಡೋ ನಿಂಬೆ ಚಿಟ್ಟೆ, ಕಾಮನ್ ಮಾರ್ಮನ್ ಇದ್ದಾವಲ್ಲ, ಅವು ಅಲ್ಲೇ ಹುಟ್ಟಿ ಬೆಳೆಯೋವು. ಎಣಿಸಬೇಕಾದದ್ದು ಅವನ್ನ.

ಈಗ ಬೇಡದ್ದೇ ಯಾಕೆ ಉಳ್ಕೊಳ್ಳುತ್ತೆ ಅನ್ನೋದು. ಬಿಳಿನೊಣದ ಮರಿಗೂ ಹಿಟ್ಟುಹುಳಕ್ಕೂ ಮೈಮೇಲೆ ಮೇಣದ ಹೊದಿಕೆ ಇರುತ್ತೆ. ಮಾಲಿ ಹೊಡೆದ ಔಷಧಿ ಮೇಣದ ಮೇಲಿಂದ ಜಾರಿಹೋಗುತ್ತೆ. ಅವನ್ನ ತಿನ್ನೋ ಗುಲಗಂಜಿ ಹುಳಕ್ಕೆ, ಅವುಗಳೊಳಗೆ ಮೊಟ್ಟೆ ಇಡೋ ಸಾಸಿವೆಗಿಂತ ಸಣ್ಣ ಕಣಜಕ್ಕೆ ಆ ರಕ್ಷಣೆ ಇಲ್ಲ, ಅವು ಮೊದಲು ಸಾಯ್ತವೆ. ಬಿಳಿನೊಣ ಸುಮಾರು ಒಂದು ತಿಂಗಳಲ್ಲಿ ಮುಂದಿನ ತಲೆಮಾರು ತಯಾರು ಮಾಡುತ್ತೆ. ಅದು ಹೆಚ್ಚಾದ ಮೇಲೇ ಅದನ್ನ ತಿನ್ನೋದು ಹುಡುಕಿಕೊಂಡು ಬರೋದು. ಬರೋ ಹೊತ್ತಿಗೆ ಮತ್ತೆ ಸ್ಪ್ರೇ. ಕಾಂಪೌಂಡ್ ಗೋಡೆ ಆರಡಿ ಇದ್ದರೆ ಗಾಳಿಗೇನಂತೆ. ಎಳೇ ಕರಿಬೇವಿನ ಹುಳುವಿಗೆ ಸ್ವಲ್ಪ ಸಿಡಿದರೂ ಸಾಕು.

ನಿಮ್ಮ ಸೀಬೆ ಮೇಲಿರೋದು, ವಿವರಿಸಿದ ರೀತಿ ನೋಡಿದ್ರೆ, ಸುರುಳಿ ಬಿಳಿನೊಣ, ಬಹುಶಃ ಇಂಗ್ಲಿಷಲ್ಲಿ ರುಗೋಸ್ ಸ್ಪೈರಲಿಂಗ್ ವೈಟ್‌ಫ್ಲೈ ಅನ್ನೋ ಜಾತಿ. ಮಧ್ಯ ಅಮೆರಿಕದ ಮೂಲದ್ದು, ನಮ್ಮ ದೇಶದಲ್ಲಿ 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ತೆಂಗಿನ ತೋಟದಲ್ಲಿ ಮೊದಲು ಕಂಡಿತು, ಆಮೇಲೆ ದಕ್ಷಿಣದ ತುಂಬಾ ಹರಡಿತು. ಅಂದರೆ 1987ರಲ್ಲಿ ನಿಮ್ಮ ಹಿತ್ತಲಲ್ಲಿ ಇದು ಇರೋ ಪ್ರಶ್ನೆಯೇ ಇರಲಿಲ್ಲ. ನೆನಪು ಮೋಸ ಮಾಡ್ತಿಲ್ಲ. ಹೊಸ ಜಾಗಕ್ಕೆ ಬಂದ ಕೀಟ ಸಾಮಾನ್ಯವಾಗಿ ತನ್ನ ಶತ್ರುವನ್ನ ಊರಲ್ಲೇ ಬಿಟ್ಟು ಬಂದಿರುತ್ತೆ, ಅದಕ್ಕೇ ಮೊದಮೊದಲು ಹಿಡಿತಕ್ಕೆ ಸಿಗಲ್ಲ.

ಹಿಂದೊಮ್ಮೆ ಹೀಗೇ ಆಗಿತ್ತು. ಪರಂಗಿ ಹಿಟ್ಟುತಿಗಣೆ (ಇದೂ ಒಂದು ಹಿಟ್ಟುಹುಳವೇ) 2008ರಲ್ಲಿ ಕೊಯಮತ್ತೂರಲ್ಲಿ ಕಾಣಿಸ್ಕೊಂಡು ಪರಂಗಿ, ದಾಸವಾಳ, ಹಿಪ್ಪುನೇರಳೆ ಯಾವುದನ್ನೂ ಬಿಡಲಿಲ್ಲ. ರೇಷ್ಮೆ ಬೆಳೆಗಾರರು ಹಿಪ್ಪುನೇರಳೆ ಗಿಡ ಕಿತ್ತು ಸುಡೋ ಹಂತಕ್ಕೆ ಬಂದ್ರು. ಎಷ್ಟು ಔಷಧಿ ಹೊಡೆದರೂ ಬಗ್ಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ಅದರ ಮೂರು ಜಾತಿ ಪರಾವಲಂಬಿ ಕಣಜ ತರಿಸಿ, ನಮ್ಮ ಹೆಬ್ಬಾಳದ ಕೃಷಿ ಕೀಟ ಸಂಸ್ಥೆಯಲ್ಲಿ ಸಾಕಿ, ತೋಟಗಳಿಗೆ ಬಿಟ್ಟರು. ಕೆಲವೇ ತಿಂಗಳಲ್ಲಿ ತಿಗಣೆ ಇಳೀತು. ಬಳ್ಳಾರಿ ರಸ್ತೇಲಿ ಮೇಲ್ಸೇತುವೆ ಟ್ರಾಫಿಕ್ಕಲ್ಲಿ ಸಿಕ್ಕಿಕೊಂಡವರಿಗೆ ಪಕ್ಕದಲ್ಲೇ ಇಂಥ ಕೆಲಸ ನಡೆದದ್ದು ಗೊತ್ತೇ ಇರಲ್ಲ.

ಅಮ್ಮ, ಒಂದು ಕೆಲಸ ಮಾಡಿ. ಮೊಮ್ಮಗನ ಭೂತಗನ್ನಡಿ ತಗೊಂಡು ಸೀಬೆ ಎಲೆ ಹಿಂಭಾಗ ನೋಡಿ. ಬಿಳಿನೊಣ ತಾನೇ ಹೊರಬಂದ ಚಿಪ್ಪು ಇಂಗ್ಲಿಷ್ ಟಿ ಅಕ್ಷರದ ಆಕಾರಕ್ಕೆ ಸೀಳಿರುತ್ತೆ. ಕಣಜ ಹೊರಬಂದಿದ್ರೆ ಅಂಚು ನುಣ್ಣಗೆ ಕೊರೆದ ಗುಂಡು ತೂತು ಇರುತ್ತೆ. ಗುಂಡು ತೂತು ಕಂಡ ಎಲೆ ಕೀಳಬೇಡಿ. ಇನ್ನು ದಾಸವಾಳದ ಮೇಲೆ ಹಿಟ್ಟುಹುಳದ ಹಾಗೇ ಬಿಳೀ ಎಳೆ ಹೊದ್ದ, ಆದರೆ ಅದಕ್ಕಿಂತ ದೊಡ್ಡದಾಗಿ, ಮುಟ್ಟಿದ್ರೆ ಸರಸರ ಓಡೋದು ಕಂಡರೆ ಅದನ್ನ ಹೊಸಕಬೇಡಿ. ಅದು ಗುಲಗಂಜಿ ಹುಳದ ಮರಿ, ಹಿಟ್ಟುಹುಳ ತಿನ್ನೋಕೇ ಬಂದಿರೋದು.

ಹನುಮಂತನಗರದ ಹಿತ್ತಲು:

ಸರ್, ನಿಮ್ಮ ಉತ್ತರ ಓದಿ ಮೊಮ್ಮಗನೂ ನಾನೂ ಸ್ಟೂಲ್ ಹಾಕ್ಕೊಂಡು ಸೀಬೆ ಕೆಳಗೆ ನಿಂತ್ವಿ. ನಮ್ಮೆಜಮಾನ್ರು ಹಣ್ಣು ಕೀಳ್ತಿದ್ದಾರೆ ಅಂದ್ಕೊಂಡು ಬುಟ್ಟಿ ತಂದುಕೊಟ್ಟರು. ರಸ್ತೆ ಕಡೆ ಕೊಂಬೆಯ ಎಲೆಗಳಲ್ಲಿ ಗುಂಡು ತೂತು ಇದೆ! ಎಲ್ಲಾದರಲ್ಲೂ ಅಲ್ಲ, ಅಲ್ಲೊಂದು ಇಲ್ಲೊಂದು, ಸೂಜಿ ಮೊನೆಯಷ್ಟು. ಪಕ್ಕದ ಬಿಲ್ಡಿಂಗ್ ಕಡೆಯ ಕೊಂಬೆಯಲ್ಲಿ ಹುಡುಕಿ ಹುಡುಕಿ ಕತ್ತು ನೋವು ಬಂತೇ ಹೊರತು ಒಂದೂ ಸಿಗಲಿಲ್ಲ. ಮಾಲಿಯ ವಿಷಯ ನೀವು ಹೇಳಿದ್ದು ಕಣ್ಣಿಗೇ ಕಾಣ್ತು. ಆ ಬಿಲ್ಡಿಂಗಿನ ಮಾಲೀಕರ ಹತ್ರ ಮಾತಾಡ್ತೀನಿ. ಅವರ ಮನೆಯವರು ನಮ್ಮನೆಗೆ ಹೂವಿಗೆ ಬರ್ತಾರೆ, ಅಷ್ಟು ಸಲುಗೆ ಇದೆ.

ಸರ್ಜಾಪುರದವರೇ, ಬೇಜಾರೇನಿಲ್ಲಪ್ಪ. ಲೆಕ್ಕ ಇಡೋದು ಒಳ್ಳೇ ಮಾತು. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಶುಕ್ರವಾರದ ಮನೇಲಿ ಬರೀತೀನಿ. ಎಳೇ ತುಳಸಿ, ಕಾಮಕಸ್ತೂರಿ ಹೂವಿಗೆ ನಮ್ಮಲ್ಲಿ ಈಗಲೂ ಸಣ್ಣ ಜೇನು ಬರುತ್ತೆ, ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋದೂ ಬರುತ್ತೆ. ಎಸಳು ಒತ್ತಾಗಿರೋ ಸುತ್ತು ದಾಸವಾಳದ ಕಡೆ ಯಾವುದೂ ತಲೆ ಹಾಕಲ್ಲ.

ಸರ್, ಇರುವೆಗೆ ಏನು ಮಾಡ್ಲಿ? ಮತ್ತೆ ನಂದಿಬಟ್ಟಲ ಹುಳುವಿನ ಬಗ್ಗೆ ಹೇಳಲೇ ಇಲ್ಲ. ಆ ಗಿಡ ಇರೋದು ಬಿಲ್ಡಿಂಗ್ ಕಡೆ ಅಲ್ಲ, ಮುಂದೆ ಗೇಟಿನ ಹತ್ರ. ಮಗ ಕಾರು ತಂದಾಗ ಅಲ್ಲಿ ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದ, ಗಿಡಕ್ಕೆ ಮಾತ್ರ ಏನೂ ಮಾಡಿಲ್ಲ.

ಹೊಸಕೋಟೆ ಹುಡುಗ:

ನಡುವೆ ಬಾಯಿ ಹಾಕ್ತೀನಿ, ಕ್ಷಮಿಸಿ. ಮೊದಲ ಮಳೆ ಬಿದ್ದ ಸಂಜೆ ಈಸಲು ಹುಳ ಏಳೋದು ಬೆಂಗಳೂರಲ್ಲಿ ಈಗಲೂ ಇದೆಯಾ? ನಮ್ಮೂರಲ್ಲಿ ಹುತ್ತದ ಹತ್ರ ಹಿಡಿದು, ಹುರಿದು, ಪುರಿ ಜೊತೆ ತಿನ್ನೋರು. ಕೆ.ಆರ್. ಪುರದಲ್ಲಿ ನಾನಿರೋ ರೂಮಿನ ಟ್ಯೂಬ್‌ಲೈಟಿಗೆ ಕಳೆದ ಮಳೆಗಾಲದಲ್ಲಿ ನಾಲ್ಕು ಬಂದಿದ್ರೆ ಹೆಚ್ಚು.

ಹೆಬ್ಬಾಳದ ಕಡೆಯವನು:

ಹೊಸಕೋಟೆಯವರೇ, ಈಸಲು ಗೆದ್ದಲಿನದ್ದೇ ರೆಕ್ಕೆ ಬಂದ ಪೀಳಿಗೆ. ನೆಲ ಇದ್ದ ಕಡೆ ಏಳುತ್ತೆ. ಜಿಕೆವಿಕೆ, ಲಾಲ್‌ಬಾಗ್ ಕಡೆ ಮಳೆ ಬಿದ್ದ ಸಂಜೆ ಹೋಗಿ ನೋಡಿ.

ಅಮ್ಮ, ನಂದಿಬಟ್ಟಲಕ್ಕೂ ಇದೇ ಉತ್ತರ: ನೆಲ. ಆ ನೀಲಿ ಕಣ್ಣಿನ ಹುಳು ಒಂದು ದೊಡ್ಡ ಪತಂಗದ ಮರಿ. ಕಣಗಿಲೆ, ನಂದಿಬಟ್ಟಲು ಎರಡನ್ನೂ ತಿನ್ನುತ್ತೆ. ಪತಂಗ ಆದ ಮೇಲೆ ಹಸಿರು–ಗುಲಾಬಿ ಬಣ್ಣ, ಕತ್ತಲಾದ ಮೇಲೆ ಹಾರುತ್ತೆ. ಕರಿಬೇವಿನ ಹುಳು ಕಡ್ಡಿಗೇ ಅಂಟಿಕೊಂಡು ಕೋಶ ಕಟ್ಟುತ್ತೆ. ಇದು ಹಾಗಲ್ಲ. ಬಲಿತ ಮೇಲೆ ಮೈಬಣ್ಣ ಕಪ್ಪಿಟ್ಟು, ಗಿಡದಿಂದ ಇಳಿದು, ನೆಲದ ಮೇಲೆ ಒಣ ಎಲೆಯ ಅಡಿ ಹುಡುಕುತ್ತೆ, ಕೋಶ ಕಟ್ಟೋದು ಅಲ್ಲೇ. ಟೈಲ್ಸ್ ಮೇಲೆ ಇಳಿದರೆ ಅದಕ್ಕೆ ಜಾಗವೇ ಇಲ್ಲ. ಇರುವೆ, ಕಾಗೆ, ಕಾರಿನ ಚಕ್ರ, ಯಾವುದಾದ್ರೂ ಒಂದಕ್ಕೆ ಸಿಗುತ್ತೆ. ನಿಮ್ಮ ಬಾಗಿಲ ಕಣಜಕ್ಕೂ ಗೂಡು ಕಟ್ಟೋಕೆ ಹಸಿ ಮಣ್ಣೇ ಬೇಕು. ನೀಲಿ ಪಟ್ಟೆ ಜೇನೂ ಮಣ್ಣು ಕೊರೆದು ಮೊಟ್ಟೆ ಇಡೋದು. ಅದು ಈಗಲೂ ಬರ್ತಿದೆ ಅಂದ್ರೆ ಹತ್ತಿರದಲ್ಲಿ ಎಲ್ಲೋ ಬರಿ ಮಣ್ಣು, ಇಲ್ಲಾ ಹಳೇ ಮಣ್ಣಿನ ಗೋಡೆ ಉಳಿದಿದೆ. ಗೇಟಿನ ಹತ್ರ ರಾತ್ರಿ ಪೂರ್ತಿ ಬಿಳೀ ಎಲ್‌ಇಡಿ ಉರೀತಿದ್ರೆ ಹತ್ತು ಗಂಟೆಗೆ ಆರಿಸಿ, ಪತಂಗ ಅದರ ಸುತ್ತಲೇ ಸುತ್ತಿ ಸೋತು ಬೀಳುತ್ತೆ.

ಇರುವೆಗೆ ಪುಡಿ ಹಾಕಬೇಡಿ. ಹಿಟ್ಟುಹುಳ ಬಿಡೋ ಸಿಹಿಗಾಗಿ ಇರುವೆ ಅದನ್ನ ಕಾಯುತ್ತೆ, ಗುಲಗಂಜಿ ಹುಳವನ್ನ ಓಡಿಸುತ್ತೆ. ದಾರಿ ತಪ್ಪಿಸಿದ್ರೆ ಸಾಕು. ಕಾಂಡಕ್ಕೆ ಅಗಲ ಟೇಪ್ ಸುತ್ತಿ, ಟೇಪಿನ ಮೇಲೆ ಗ್ರೀಸ್ ಸವರಿ, ತೊಗಟೆಗೆ ತಾಗಬಾರದು. ಗೋಡೆಗೆ ತಾಗೋ ಕೊಂಬೆ ಕತ್ತರಿಸಿ, ಇಲ್ಲದಿದ್ರೆ ಅಲ್ಲಿಂದ ಹತ್ತುತ್ತೆ. ಸೀಬೆ ಎಲೆ ಮೇಲಿನ ಕಪ್ಪು ಮಸಿಗೆ ಒಂದು ಲೀಟರ್ ನೀರಿಗೆ ಹತ್ತು ಗ್ರಾಂ ಮೈದಾ ಹಾಕಿ ತೆಳ್ಳಗೆ ಗಂಜಿ ಕಾಯಿಸಿ, ಆರಿದ ಮೇಲೆ ಸೋಸಿ ಎಲೆ ಮೇಲ್ಭಾಗಕ್ಕೆ ಸಿಂಪಡಿಸಿ. ಒಣಗಿದಾಗ ಮಸಿ ಸಿಪ್ಪೆಯಾಗಿ ಏಳುತ್ತೆ.

ಹನುಮಂತನಗರದ ಹಿತ್ತಲು:

ಟೈಲ್ಸ್ ಕೀಳಿಸೋದಕ್ಕೆ ಮಗ ಒಪ್ಪಲ್ಲ, ಹಾಕಿಸಿ ಇನ್ನೂ ಸಾಲ ತೀರಿಲ್ಲ. ಆದ್ರೆ ನಂದಿಬಟ್ಟಲಿಗೂ ಕಾಂಪೌಂಡಿಗೂ ನಡುವೆ ಒಂದೂವರೆ ಅಡಿ ಮಣ್ಣು ಬಿಟ್ಟಿದ್ದಾರೆ. ಕೆಲಸದ ನಾಗಮ್ಮ ಅದನ್ನ ದಿನಾ ಕನ್ನಡಿ ಹಾಗೆ ಗುಡಿಸ್ತಾಳೆ. ಇನ್ನು ಮೇಲೆ ಆ ಜಾಗಕ್ಕೆ ಪೊರಕೆ ಇಡಬೇಡ ಅಂದೆ. "ಹಾವು ಚೇಳು ಸೇರ್ಕೊಂಡ್ರೆ ನನ್ನ ಕೇಳ್ಬೇಡಿ" ಅಂದ್ಲು. ಟೇಪು, ಗ್ರೀಸು ಮೊಮ್ಮಗ ತಂದಾಯ್ತು, ಗಂಜಿ ನಾಳೆ. ಶುಕ್ರವಾರದ ಲೆಕ್ಕ ಇಲ್ಲೇ ಹಾಕ್ತಿರ್ತೀನಿ. ತ್ಯಾಗರಾಜನಗರದವರು, ಸರ್ಜಾಪುರದವರು, ನೀವೂ ನಿಮ್ಮದು ಹಾಕಿ.