ಮಣ್ಣಿನ ಆರೋಗ್ಯ, ಕಸುವು, ಹೆಂಟೆ: ಸರಿಯಾದ ಪದ ಬೇಕು

ಬಳಗದವರಿಗೆ ನಮಸ್ಕಾರ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಒಂದು ತೋಟಕ್ಕೆ ಸೊಪ್ಪು, ದರಗು, ಕೊಟ್ಟಿಗೆ ಗೊಬ್ಬರ. ಇನ್ನೊಂದಕ್ಕೆ ಬರೀ ಚೀಲದ ಗೊಬ್ಬರ, ಮೇಲೆ ಕಳೆನಾಶಕ. ಇವೆರಡರ ಮಣ್ಣನ್ನು ಹೋಲಿಸಿ ನೋಡೋದು ಹೇಗೆ ಅನ್ನೋದು ವಿಷಯ. ಎರಡು ಕಡೆ ಪದ ಸಿಗದೆ ನಿಂತಿದ್ದೇನೆ.

ಮೊದಲನೆಯದು ‘ಮಣ್ಣಿನ ಆರೋಗ್ಯ’. 2015ರಲ್ಲಿ ಕೇಂದ್ರ ಸರ್ಕಾರದ ‘ಮಣ್ಣಿನ ಆರೋಗ್ಯ ಕಾರ್ಡ್’ ಯೋಜನೆ ಶುರುವಾದ ಮೇಲೆ ಈ ಮಾತು ಊರೂರಲ್ಲೂ ಇದೆ. ತೊಂದರೆ ಏನಂದ್ರೆ, ಆರೋಗ್ಯ ಅಂದ ಕೂಡಲೇ ಜನ ಆ ಕಾರ್ಡನ್ನೇ ತೆಗೆದು ತೋರಿಸುತ್ತಾರೆ. ಅದರಲ್ಲಿರುವುದು 12 ಅಂಶ: ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್ ಥರದ ಐದು ಲಘು ಪೋಷಕಾಂಶ, ಜೊತೆಗೆ ರಸಸಾರ (ಮಣ್ಣಿನ ಹುಳಿ-ಕ್ಷಾರದ ಮಟ್ಟ), ಲವಣಾಂಶ, ಸಾವಯವ ಇಂಗಾಲ. ನನ್ನ ಪ್ರಕಾರ ಇದು ಹೆಚ್ಚುಕಮ್ಮಿ ಫಲವತ್ತತೆಯ ಲೆಕ್ಕ. ನೀರು ಇಂಗುತ್ತಾ, ಎರೆಹುಳ ಇದೆಯಾ, ಬೇರು ಸಲೀಸಾಗಿ ಇಳಿಯುತ್ತಾ ಅನ್ನೋದು ಇದರಲ್ಲಿಲ್ಲ. ಸಾವಯವ ಇಂಗಾಲದ್ದು ಇನ್ನೊಂದು ತಮಾಷೆ. ಶೇ 0.75 ದಾಟಿದರೆ ‘ಹೆಚ್ಚು’ ಅಂತ ಬರುತ್ತದೆ. ಮಲೆನಾಡಿನ ತೋಟಗಳು ಬಹಳಷ್ಟು ಆ ಗೆರೆಯ ಮೇಲೇ ಇರುತ್ತವೆ. ಹೋಲಿಸೋಣ ಅಂದ್ರೆ ಎರಡು ಕಾರ್ಡಲ್ಲೂ ಅದೇ ‘ಹೆಚ್ಚು’!

‘ಕಸುವು’ ನನಗೆ ಇಷ್ಟದ ಪದ. ಆದರೆ ಯೂರಿಯಾ ಬಿದ್ದು ಗಿಡ ಹಸಿರಾದರೂ ‘ಮಣ್ಣಿಗೆ ಕಸುವು ಬಂತು’ ಅನ್ನುತ್ತಾರೆ. ಅದೂ ಫಲವತ್ತತೆ ಕಡೆಗೇ ವಾಲುತ್ತದೆ, ಅಲ್ವಾ? ‘ಹದ’ ಅಂದರೆ ಆ ಹೊತ್ತಿನ ತೇವದ ಮಾತು, ನಾಲ್ಕು ಬಿಸಿಲಿಗೆ ಹೋಗಿಬಿಡುತ್ತದೆ.

ಎರಡನೆಯದು ಇನ್ನೂ ಕಷ್ಟ: ನೀರಿಗೆ ಬಿದ್ದರೂ ಬಿಡದೆ ಕಚ್ಚಿಕೊಂಡಿರುವ ಸಣ್ಣ ಮಣ್ಣಿನ ಚೂರಿಗೆ ಹೆಸರು. ಒಣಗಿದ ಮಣ್ಣಿನ ಚೂರೊಂದನ್ನು ಟೀ ಸೋಸುವ ಜಾಲರಿಯಲ್ಲಿಟ್ಟು ಗಾಜಿನ ಲೋಟದ ನೀರಿಗೆ ಇಳಿಸಿ ನೋಡಿ. ಸೊಪ್ಪು ಕಂಡ ಮಣ್ಣಾದರೆ ಗುಳ್ಳೆ ಬಿಟ್ಟುಕೊಂಡು ಹಾಗೇ ಕೂರುತ್ತದೆ. ಬರಿದಾದ ಮಣ್ಣು ಕುಸಿದು, ನೀರೆಲ್ಲ ಕೆಂಪು ರಾಡಿ. ಶಿಲೀಂಧ್ರದ ಎಳೆ, ಸೂಕ್ಷ್ಮಜೀವಿಗಳ ಅಂಟು, ಸಣ್ಣ ಬೇರು ಸೇರಿ ಕಣಗಳನ್ನು ಹಿಡಿದಿಟ್ಟಿರುತ್ತವೆ. ಆ ಹಿಡಿತ ಹೋದರೆ ಆಷಾಢದ ಮಳೆಗೆ ಮೇಲ್ಮಣ್ಣು ಕದಡಿ ರಂಧ್ರ ಮುಚ್ಚುತ್ತದೆ, ನೀರು ಇಂಗದೆ ಬಸಿಗಾಲುವೆಗೆ ಓಡುತ್ತದೆ. (ಜಂಬಿಟ್ಟಿಗೆ ಮಣ್ಣಲ್ಲಿ ಕಬ್ಬಿಣದ ಅಂಶವೂ ಕಣ ಹಿಡಿಯುತ್ತದೆ. ಹಾಗಾಗಿ ಲೋಟ ನೋಡಿ ಪೂರ್ತಿ ತೀರ್ಪು ಕೊಡಬಾರದು. ಹೋಲಿಸುವ ಚೂರುಗಳು ಒಂದೇ ಥರದ ಮಣ್ಣಿನವು, ಒಂದೇ ಆಳದವು ಆಗಿರಬೇಕು.)

ಹೀಗೆ ಕಚ್ಚಿಕೊಂಡಿರುವ ಸಣ್ಣ ಚೂರಿಗೆ ಏನನ್ನೋಣ? ಪುಸ್ತಕದ ‘ಕಣರಚನೆ’ ಇಡೀ ಮಣ್ಣಿನ ಕಟ್ಟಡಕ್ಕೆ ಸರಿ, ಒಂದು ಚೂರಿಗೆ ಅಲ್ಲ. ‘ಹೆಂಟೆ’ ಅಂದರೆ ದೊಡ್ಡದು, ಒಡೆದು ಪುಡಿ ಮಾಡಬೇಕಾದ್ದು. ಅದು ರೈತನಿಗೆ ತಲೆನೋವು, ಒಳ್ಳೆಯ ಲಕ್ಷಣ ಅಲ್ಲ. ತುಪ್ಪಕ್ಕೆ ಹೇಳುವ ಹಾಗೆ ‘ಹರಳುಗಟ್ಟಿದ ಮಣ್ಣು’ ಅನ್ನೋಣ ಅಂದುಕೊಂಡೆ. ಆದರೆ ನಮ್ಮ ಕಡೆ ಹರಳು ಅಂದ್ರೆ ಕಲ್ಲು. ಓದಿದವರು ನೊರಜುಗಲ್ಲಿನ ಗುಡ್ಡವನ್ನೇ ನೆನೆಸಿಕೊಂಡಾರು.

ಸಾಗರ, ಸೊರಬ, ಶೃಂಗೇರಿ ಕಡೆಯವರು, ಘಟ್ಟದ ಕೆಳಗಿನವರು ಇವೆರಡಕ್ಕೂ ಏನನ್ನುತ್ತೀರಿ? ಸುಮ್ನೆ ನಿಘಂಟಿನ ಅರ್ಥ ಬೇಡ. ತೋಟದ ಕೆಲಸದವರ ಬಾಯಲ್ಲಿ ಕೇಳಿದ ಪದ ಇದ್ದರೆ, ಯಾವ ಮಾತಿನಲ್ಲಿ ಬಳಸುತ್ತಾರೆ ಅಂತಲೂ ಬರೆಯಿರಿ.